ಹಗಲಿನ ಉಡಿಕೆ

ಕಮಲಾಪುರ ಇನ್ನೂ ದೂರವಿರುವಾಗಲೇ ಬಸ್ಸು ನಿಂತುಬಿಟ್ಟಿತು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಕಂಪ್ಲಿ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆಯೊಂದನ್ನು ಕಟ್ಟಿದ್ದರು. ಸ್ವಲ್ಪ ಏರು ಬಂದರೂ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. ಡ್ರೈವರು ಬೈದುಕೊಳ್ಳುತ್ತ ಇಳಿದು ಒಲೆಯ ಬಾಯಿ ತೆಗೆದು ಕೆದಕತೊಡಗಿದ. ಗಂಡಸರು ಬೀಡಿ ಹಚ್ಚಿಕೊಂಡರು. ಸಂಗಮ್ಮ ಎಲ್ಲರಿಗಿಂತ ಕೊನೆಗೆ ಇಳಿದಳು. ಬಸ್ಸು ನಿಂತದ್ದು ಅವಳಿಗೆ ಸಮಾಧಾನವಾಗಿತ್ತು. ಸಮಾಧಾನವಾಯಿತಲ್ಲ ಎಂದು ಮರುಕ್ಷಣವೇ ತನ್ನ ಮೇಲೆ ಸಿಟ್ಟೂ ಬಂತು. ಒಲೆ ಹೊತ್ತಿಕೊಳ್ಳದೇ ಹೋದರೆ, ಇವತ್ತು ಹೊಸಪೇಟೆ ಮುಟ್ಟುವುದೇ ಆಗದಿದ್ದರೆ, ತಾನು ಏನೂ ಮಾಡದೆಯೇ ಎಲ್ಲ ತಪ್ಪಿಹೋಗುತ್ತದೆ, ತಪ್ಪಿಸಿದವರು ಯಾರೂ ಇರುವುದಿಲ್ಲ. ಈಚೆಗೆ ಅವಳ ಮನಸ್ಸು ಇಂಥ ಸಂದುಗಳನ್ನೇ ಹುಡುಕುತ್ತಿತ್ತು. ಒಂದು ಕಡೆಯಿಂದ ಬೇಕೆನ್ನುವುದು, ಇನ್ನೊಂದು ಕಡೆಯಿಂದ ಬೇಕೆಂದವಳು ತಾನಲ್ಲ ಎನ್ನುವಂತೆ ಕೂರುವುದು.

ರಸ್ತೆಯ ಪಕ್ಕದಲ್ಲಿ ಹಳೆಯ ಕೋಟೆಯ ಹೆಬ್ಬಾಗಿಲೊಂದು ನಿಂತಿತ್ತು. ಅದರ ಎರಡೂ ಕಡೆಯ ಗೋಡೆ ಬಿದ್ದುಹೋಗಿ ಜಾಲಿ ಬೆಳೆದಿದ್ದರಿಂದ, ಬಾಗಿಲಿನ ಮೂಲಕ ಹಾದುಹೋಗುವ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ಮೇಕೆಯ ಹಿಂಡೊಂದು ಸುತ್ತಲಿನ ಬಯಲನ್ನೆಲ್ಲ ಬಿಟ್ಟು ಅದರೊಳಗಿಂದಲೇ ಸಾಲಾಗಿ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ವಿರೂಪಾಕ್ಷನ ಗುಡಿಗೆ ಹೋಗುವಾಗ ಗಂಡ ಹಂಪಣ್ಣ ಗಾಡಿ ನಿಲ್ಲಿಸಿ ಆ ಬಾಗಿಲೊಳಗೆ ಓಡಿಹೋಗಿದ್ದ. ಒಳಗೆ ನಿಂತು ಅವಳ ಹೆಸರು ಹಿಡಿದು ಜೋರಾಗಿ ಕೂಗಿದ. ಕಲ್ಲು ಅದನ್ನು ಮತ್ತೆ ಮತ್ತೆ ಕೂಗಿತು. ಆಮೇಲೆ ನಾಚಿಕೊಂಡು, ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದ್ದ. ಆ ದನಿ ಅವಳ ನೆನಪಿನಲ್ಲಿ ಈಗಲೂ ಇತ್ತು. ಅಂಗಿಯ ಕಾಲರಿನ ಮೇಲಿನ ಕತ್ತು ಇತ್ತು, ಬೆವರಿದಾಗ ಅಲ್ಲಿ ಅಂಟಿಕೊಳ್ಳುತ್ತಿದ್ದ ಕೂದಲು ಇತ್ತು. ಮುಖ ಮಾತ್ರ ಹೋಗಿಬಿಟ್ಟಿತ್ತು. ಕಾಲರಾದಲ್ಲಿ ಎರಡೇ ದಿನಕ್ಕೆ ಸತ್ತ ಮನುಷ್ಯನ ಮುಖ ಕಣ್ಣಿಗೆ ಕಟ್ಟಿದ ಹಾಗೆ ಉಳಿಯಬೇಕಿತ್ತು. ನೆನಪಿಸಿಕೊಳ್ಳಲು ಹೋದರೆ ಕಣ್ಣ ಮುಂದೆ ಬರುತ್ತಿದ್ದದ್ದು ಭಾವನ ಮುಖ; ಅಣ್ಣತಮ್ಮಂದಿರಿಗೆ ಅಷ್ಟು ಹೋಲಿಕೆಯಿತ್ತು. ಅದೇ ಭಾವ ಕೊಟ್ರಬಸಪ್ಪ ಈಗ ಬಸ್ಸಿನ ನೆರಳಿನಲ್ಲಿ, ಅವಳಿಗೆ ಬೆನ್ನು ಮಾಡಿ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ಅವನನ್ನು ನೋಡಿ ಅವಳು ಬೇರೆ ಕಡೆ ತಿರುಗಿದಳು.

ಅವನ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಅವನೊಡನೆ ನೇರವಾಗಿ ಮಾತಾಡಿದ್ದಿಲ್ಲ. ಹೇಳುವುದೇನಿದ್ದರೂ ನೆಗೆಣ್ಣಿ ನೀಲಗಂಗಮ್ಮನಿಗೆ. ನೀಲಗಂಗಮ್ಮ ಅದನ್ನು ಗಂಡನಿಗೆ. ಆ ಮಾತನ್ನೂ ಹಾಗೆಯೇ ಹೇಳಿದ್ದಳು. ಹಿಂದಿನ ಸುಗ್ಗಿಯ ನಂತರ ಇಬ್ಬರೂ ಕೂತು ಅಕ್ಕಿ ಹಸನು ಮಾಡುವಾಗ, ತಲೆ ಎತ್ತದೆ, "ಅಕ್ಕಾ, ನನಗೊಂದು ಉಡಿಕಿ ನೋಡ್ರಿ," ಎಂದಿದ್ದಳು. ಗಂಡ ಸತ್ತವಳು ಮತ್ತೊಬ್ಬನಿಂದ ತಾಳಿ ಕಟ್ಟಿಸಿಕೊಳ್ಳುವುದು ಅವರ ಜನದಲ್ಲಿ ಹೊಸತೇನಲ್ಲ, ಆದರೆ ದೊಡ್ಡ ಮನೆಗಳಲ್ಲಿ ಅದನ್ನು ಮಾಡುತ್ತಿರಲಿಲ್ಲ, ಮಾಡಿದರೂ ಹೇಳುತ್ತಿರಲಿಲ್ಲ. ನೀಲಗಂಗಮ್ಮನ ಕೈಯಲ್ಲಿ ಮೊರ ನಿಂತಿತು. "ಯಾಕವ್ವಾ, ಇಲ್ಲೇನು ಕಮ್ಮಿ ಆಗೇತಿ?" ಎಂದಳು. ಕಮ್ಮಿ ಏನೂ ಆಗಿರಲಿಲ್ಲ. ಉಂಡು ಮಲಗಿದ ಮೇಲೆ ಪಕ್ಕದ ಕೋಣೆಯಲ್ಲಿ ಗಂಡಹೆಂಡತಿ ನಾಳೆಯ ನಾಟಿಯ ಬಗ್ಗೆ, ಆಳುಗಳ ಬಗ್ಗೆ, ಸಾರಿನಲ್ಲಿ ಹೆಚ್ಚಾದ ಉಪ್ಪಿನ ಬಗ್ಗೆ ಮೆಲ್ಲಗೆ ಮಾತಾಡಿಕೊಳ್ಳುವುದು ಕೇಳುತ್ತಿತ್ತು. ಅವಳನ್ನು ಸುಟ್ಟದ್ದು ಅದು. ಅವರ ಮುಟ್ಟಾಟವಲ್ಲ, ಉಪ್ಪಿನ ಮಾತು. ಅದನ್ನು ನೆಗೆಣ್ಣಿಗೆ ಹೇಗೆ ಹೇಳುವುದು? "ನನಗೊಂದು ಮನಿ ಬೇಕು," ಎಂದಷ್ಟೇ ಹೇಳಿದಳು. ನೀಲಗಂಗಮ್ಮ ಮತ್ತೆ ಮೊರ ಆಡಿಸತೊಡಗಿದಳು.

ಕೊಟ್ರಬಸಪ್ಪ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಹಗುರಾಗುತ್ತಿತ್ತು. ಅವನು ಊರಲ್ಲಿ ತಾನೇ ಮೊದಲು ಬಾಯಿಬಿಟ್ಟು, "ತಮ್ಮನ ಹೇಣ್ತಿಗೆ ಉಡಿಕಿ ಮಾಡಬೇಕಂತ ಮಾಡೀನಿ," ಎಂದು ಹೇಳಿಕೊಂಡ. ಮಾಡಬೇಕೆಂದವನು ತಾನು; ಅವಳಿಗೆ ಏನೂ ತಿಳಿಯದು ಎಂಬಂತೆ. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಸಂಗಮ್ಮನ ಮುಂದೆಯೇ, "ಪಾಪ, ನಿನ್ನ ಭಾವಗ ನೀ ಭಾರ ಆದಿ ನೋಡು," ಎಂದು ಕಣ್ಣೀರು ಒರೆಸಿಕೊಂಡರು. ಅವಳು ತಲೆ ತಗ್ಗಿಸಿ ಬಟ್ಟೆ ಕುಕ್ಕಿದಳು. ಮನೆಗೆ ಬಂದು ನೋಡಿದರೆ ಅವನು ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ಸಂಜೆ ಹರಟೆಗೆ ಬರುತ್ತಿದ್ದ ಹಿರಿಯರು ಯಾರೂ ಬಂದಿರಲಿಲ್ಲ. ಅವನ ಒಳ್ಳೆಯತನದ ಹಿಂದೆ ಅವಳು ಹೀಗೆ ತಿಂಗಳುಗಟ್ಟಲೆ ಅವಿತುಕೊಂಡಿದ್ದಳು.

ಒಲೆ ಹೊತ್ತಿಕೊಂಡಿತು. ಡ್ರೈವರು, "ಹತ್ರಿ, ಹತ್ರಿ!" ಎಂದು ಕೂಗಿದ.

ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯಲ್ಲಿ ಗಂಡಿನ ತಾಯಿ ಸುಂಕಮ್ಮನ ಮನೆ ಓಣಿಯ ತಿರುವಿನಲ್ಲಿತ್ತು. ದಪ್ಪ ಗೋಡೆ, ಗುಂಡು ಮೊಳೆ ಹೊಡೆದ ತಲಬಾಗಿಲು. ನೀಲಗಂಗಮ್ಮ ಜೊತೆಗೆ ಬರಬೇಕಾಗಿತ್ತು, ಜ್ವರ ಬಂದು ಉಳಿದಿದ್ದಳು. ಹೀಗಾಗಿ ಇಬ್ಬರೇ ಬಾಗಿಲ ಮುಂದೆ ನಿಂತರು. ಸುಂಕಮ್ಮ ಹೊರಗೆ ಬಂದಳು. ಗಟ್ಟಿ ಮುದುಕಿ, ಮೊಳಕೈವರೆಗೆ ವಿಭೂತಿ. ಕೊಟ್ರಬಸಪ್ಪನಿಗೆ, "ಬರ್ರಿ, ಕಾಲಿಗೆ ನೀರು ತಗೋರಿ," ಎಂದವಳು ಸಂಗಮ್ಮನನ್ನು ನೋಡದೆ, "ಆಕಿ ಹಿತ್ತಲ ಕಡೆಯಿಂದ ಬರಲಿ. ನಮ್ಮಲ್ಲಿ ಪದ್ಧತಿ ಐತಿ," ಎಂದಳು. ಓಣಿ ಸುತ್ತಿಕೊಂಡು, ಕೊಟ್ಟಿಗೆ ದಾಟಿ, ಗಂಜಲದ ಕಾಲುವೆಯ ಮೇಲೆ ಕಾಲಿಟ್ಟು ಅವಳು ಒಳಗೆ ಬಂದಳು. ಬರುವಾಗ ಎಮ್ಮೆಯೊಂದು ಮೇವು ಮೆಲ್ಲುವುದನ್ನು ನಿಲ್ಲಿಸಿ ಅವಳನ್ನು ನೋಡಿತು. ಈ ಮನೆಯಲ್ಲಿ ತನ್ನನ್ನು ನೇರವಾಗಿ ನೋಡಿದ್ದು ಇದೊಂದೇ ಎಂದು ಯಾಕೋ ನಗು ಬಂತು. ಇಂಥ ಹೊತ್ತಿನಲ್ಲಿ ನಗು ಬರುವ ಹೆಂಗಸು ಎಂಥವಳಿರಬೇಕು ಎಂದುಕೊಳ್ಳುತ್ತ ಕಂಬದ ಮರೆಯಲ್ಲಿ ಕೂತಳು.

"ಎರ್ರಿಯಪ್ಪ ಬರಂಗಿಲ್ಲ," ಎಂದು ಸುಂಕಮ್ಮ ಕೊಟ್ರಬಸಪ್ಪನಿಗೆ ಹೇಳಿದಳು. ಎರ್ರಿಯಪ್ಪ ಅವಳ ಒಬ್ಬನೇ ಮಗ, ಹೆಂಡತಿ ತೀರಿಕೊಂಡವನು. ಪೇಟೆಯಲ್ಲಿ ಹಗ್ಗದ ಅಂಗಡಿ. "ಸಂತಿ ದಿನ ಅಂಗಡಿ ಬಿಟ್ಟು ಬರಾಕ ಆಗತೈತೇನು? ನಾ ನೋಡಿದ್ರ ಆತ ನೋಡ್ದಂಗ."

"ಆತು ಬಿಡ್ರಿ."

"ಮಾತು ಹೆಂಗ? ಜಾಸ್ತಿನೋ ಕಮ್ಮಿನೋ?"

"ಭಾಳ ಕಮ್ಮಿರಿ. ಮನ್ಯಾಗ ಆಕಿ ದನೀನ ಕೇಳಿಲ್ಲ ನಾವು."

"ಮಕ್ಕಳಾಗಲಿಲ್ಲಲ್ಲ, ಊನ ಯಾರದು? ಆಕೀದೋ, ನಿಮ್ಮ ತಮ್ಮಂದೋ?"

ಕೊಟ್ರಬಸಪ್ಪನ ಕಿವಿ ಕೆಂಪಾದದ್ದು ಕಂಬದ ಈಚೆಯಿಂದ ಅವಳಿಗೆ ಕಂಡಿತು. "ದೇವರು ಕೊಡಲಿಲ್ಲರಿ," ಎಂದ. ಅವನು ಎತ್ತು ಮಾರಲು ಹೋದಾಗಲೂ ಹೀಗೆ ತಗ್ಗಿದ ದನಿಯಲ್ಲಿ ಮಾತಾಡಿದವನಲ್ಲ. ಸುಂಕಮ್ಮ ಎಲೆಗೆ ಸುಣ್ಣ ಸವರುತ್ತ ಮುಂದುವರಿಸಿದಳು. ಉಡಿಕೆ ಅಂದರೆ ಉಡಿಕೆ, ಮೊದಲೇ ಹೇಳಿಬಿಡುತ್ತೇನೆ ಎಂದಳು. ಓಲಗ ಇಲ್ಲ, ಹಂದರ ಇಲ್ಲ. "ಅಮಾಸಿ ಹಿಂದ ಮುಂದ ನೋಡಿ, ಊರು ಮಲಗಿದ ಮ್ಯಾಲೆ, ಹಿತ್ತಲ ಬಾಗಲಾಗ ಕರಕೊಂಡು ಬರ್ರಿ. ಕತ್ತಲ ಕ್ವಾಣ್ಯಾಗ ತಾಳಿ ಕಟ್ಟತಾನ. ಮುಂಜಾನಿ ಮುತ್ತೈದೇರು ಆಕಿ ಮಾರಿ ನೋಡಬಾರದು, ಅದಕ್ಕ ಮಧ್ಯಾಹ್ನದ ತನಕ ಹೊರಗ ಬರಬಾರದು." ಸಂಗಮ್ಮನಿಗೆ ಇದು ಗೊತ್ತಿಲ್ಲದ್ದೇನಲ್ಲ, ಊರಲ್ಲಿ ಕೇಳಿದ್ದಳು. ಕೇಳುವಾಗ ಅದು ಮಳೆ ಬರುತ್ತದೆ, ಹೊಳೆ ತುಂಬುತ್ತದೆ ಎನ್ನುವ ಹಾಗೆ ಕೇಳಿಸುತ್ತಿತ್ತು. ಈಗ, ಇಲ್ಲಿ, ಆ ಕೋಣೆಯ ಬಾಗಿಲು ಎದುರಿಗೇ ಕಾಣುತ್ತಿತ್ತು. ಅರ್ಧ ತೆರೆದಿತ್ತು. ಒಳಗೆ ಕುಂಬಳಕಾಯಿ ಜೋಡಿಸಿದ್ದರು.

"ಅಲ್ರೀ," ಎಂದಳು ಸುಂಕಮ್ಮ ಎಲೆಯನ್ನು ಬಾಯಿಗಿಟ್ಟುಕೊಂಡು, "ಕೇಳ್ತೀನಂತ ಸಿಟ್ಟಾಗಬ್ಯಾಡ್ರಿ. ತಮ್ಮನ ಹೇಣ್ತಿಗೆ ಎಲ್ಡು ತುತ್ತು ಹಾಕಾಕ ಆಗಲಿಲ್ಲೇನು ನಿಮಗ? ಕಂಪ್ಲ್ಯಾಗ ಭತ್ತಕ್ಕ ಬರ ಬಂತೇನು?"

ಕೊಟ್ರಬಸಪ್ಪ ಹೆಗಲ ಮೇಲಿನ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಜಗಲಿಯ ಮೇಲೆ ಒಬ್ಬನೇ ಕೂತಿರುತ್ತಿದ್ದ ಆ ಸಂಜೆಗಳಲ್ಲೂ ಹೀಗೇ ಸುತ್ತುತ್ತಿದ್ದ. ಸಂಗಮ್ಮ ಎದ್ದು ನಿಂತಳು. ಏಳಬೇಕೆಂದು ಎದ್ದದ್ದಲ್ಲ, ಎದ್ದ ಮೇಲೆ ತಾನು ಎದ್ದಿದ್ದೇನೆ ಎಂದು ಗೊತ್ತಾಯಿತು. ಕಂಬದ ಮರೆ ಬಿಟ್ಟು ಬೆಳಕಿಗೆ ಬಂದಳು.

"ಭಾವಾರು ಹಾಕಿದ್ದು ತುತ್ತಲ್ಲ, ಎಡಿ ತುಂಬ ಹಾಕ್ಯಾರ," ಎಂದಳು. "ಉಡಿಕಿ ಬೇಕಂತ ಕೇಳಿದಾಕಿ ನಾನು."

ತನ್ನ ದನಿ ಇಷ್ಟು ದೊಡ್ಡದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಕೊಟ್ರಬಸಪ್ಪ ಮೊದಲ ಸಲ ಅವಳ ಮುಖ ನೋಡುವವನಂತೆ ನೋಡಿದ.

"ಏನಂದಿ?" ಎಂದಳು ಸುಂಕಮ್ಮ.

"ನಾನಾ ಕೇಳೀನಿ ಅಂದೆ. ಅವರು ಊರ ಮಂದಿ ಕಡೆಯಿಂದ ಅನಿಸಿಕೊಂಡಿದ್ದು ನನ್ನ ಸಲುವಾಗಿ."

ಸುಂಕಮ್ಮ ಅವಳತ್ತ ನೋಡದೆ ಕೊಟ್ರಬಸಪ್ಪನ ಕಡೆ ತಿರುಗಿ, "ಮಾತು ಕಮ್ಮಿ ಅಂದ್ರೆಲ್ಲ!" ಎಂದಳು. ಆಮೇಲೆ ಎಲೆಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಗಂಡು ಬೇಕಂತ ಬಾಯಿಬಿಟ್ಟು ಕೇಳೋ ಹೆಣ್ಣು... ಆತು. ನೋಡಿ ಹೇಳಿ ಕಳಿಸ್ತೀವಿ," ಎಂದಳು. ಹೇಳಿ ಕಳಿಸುತ್ತೇವೆ ಎಂದರೆ ಕಳಿಸುವುದಿಲ್ಲ ಎಂದರ್ಥ. ಹೆಣ್ಣು ಹೆತ್ತ ಮನೆಗಳಿಗೆಲ್ಲ ಅದು ಗೊತ್ತು.

ಓಣಿಯಲ್ಲಿ ಕೊಟ್ರಬಸಪ್ಪ ಮುಂದೆ, ಅವಳು ಹಿಂದೆ. ದೂರದಲ್ಲಿ ಸಂಡೂರು ಕಡೆಯ ಗುಡ್ಡಗಳು ಬಿಸಿಲಿಗೆ ಕೆಂಪಗೆ ಸುಟ್ಟುಕೊಂಡು ಕೂತಿದ್ದವು. ಅಳಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಆದರೆ ಎದೆಯನ್ನು ಹುಡುಕಿದರೆ ಅಲ್ಲಿ ಅಳು ಇರಲಿಲ್ಲ. ಬಹಳ ದಿನ ತಲೆಯ ಮೇಲೆ ಹೊತ್ತ ತುಂಬಿದ ಕೊಡವನ್ನು ಇಳಿಸಿದ ಮೇಲೆ ಕತ್ತು ತಾನಾಗಿ ಮೇಲಕ್ಕೇಳುತ್ತದಲ್ಲ, ಹಾಗಾಗಿತ್ತು. ಸೋತು ಬಂದವಳಿಗೆ ಇಷ್ಟು ಹಸಿವಾಗಬಾರದು. ಹಸಿವೂ ಆಗುತ್ತಿತ್ತು.

ಸ್ವಲ್ಪ ದೂರ ಹೋದ ಮೇಲೆ ಅವನು ತಿರುಗದೆಯೇ ಹೇಳಿದ: "ಹೇಳಬಾರದಿತ್ತವ್ವಾ."

"ಯಾಕ್ರಿ?"

"ಜನ ನನ್ನ ಅಂದ್ರ ನಡಿತೈತಿ. ನಾ ಗಂಡಸು."

"ನನ್ನ ಅಂದ್ರೂ ನಡಿತೈತ್ರಿ," ಎಂದಳು ಸಂಗಮ್ಮ.

ಅವನು ನಿಂತ. ಅವಳೂ ನಿಂತಳು. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದು ಬೆವರನ್ನೋ ಮತ್ತೇನನ್ನೋ ಅವಳು ನೋಡಲು ಹೋಗಲಿಲ್ಲ. ಅವನ ಮುಖ ಈಗ ಅವನದೇ ಮುಖವಾಗಿತ್ತು, ಯಾರಿಂದಲೂ ಎರವಲು ತಂದದ್ದಾಗಿರಲಿಲ್ಲ. ಕೆನ್ನೆ ಜೋತ, ದಣಿದ, ಒಳ್ಳೆಯ ಮುಖ.

"ಆತನ ಅಂಗಡಿ ಎಲ್ಲೈತ್ರಿ?" ಎಂದು ಅವಳು ಕೇಳಿದಳು.

"ಯಾಕವ್ವಾ? ಆತಲ್ಲ ಮುಗೀತು."

"ನಾ ನೋಡಾಕ ಬಂದದ್ದು ಆತನ. ಇನ್ನಾ ನೋಡಿಲ್ಲ."

ಪೇಟೆ ಬೀದಿಯಲ್ಲಿ ಸಂತೆ ಆಗಲೇ ನೆರೆಯತೊಡಗಿತ್ತು. ಬಂಡ್ರಿ ಕಡೆಯ ರೈತರು ಮೆಣಸಿನಕಾಯಿ ಚೀಲಗಳನ್ನು ಇಳಿಸುತ್ತಿದ್ದರು. ಬಾಳೆಗೊನೆಯ ರಾಶಿ, ಬೆಲ್ಲದ ಮೇಲೆ ನೊಣ, ಮಣ್ಣಿನ ಗಡಿಗೆಯನ್ನು ಬೆರಳಿನಿಂದ ಬಡಿದು ನೋಡುವ ಹೆಂಗಸರು. ಹಂಪಿಯ ಗುಡಿಗೆ ಹೋಗಿ ಬಂದ ಒಂದು ಗಾಡಿ ತುಂಬ ಜನ ಕುಂಕುಮ ಬಳಿದ ಹಣೆಗಳೊಡನೆ ದಾರಿ ಬಿಡಿಸಿಕೊಂಡು ಹೋದರು. ಹಗ್ಗದ ಅಂಗಡಿ ಕಂಡಾಗ ಕೊಟ್ರಬಸಪ್ಪ ಹುಣಸೆ ಮರದ ಕೆಳಗೆ ನಿಂತುಬಿಟ್ಟ. "ನಾ ಇಲ್ಲೇ ಇರ್ತೀನಿ," ಎಂದ. ಹೋಗಬೇಡ ಎನ್ನಲಿಲ್ಲ.

ಅಂಗಡಿಯ ತುಂಬ ಹಗ್ಗದ ಸುರುಳಿ, ಮೂಗುದಾರ, ಬಾರುಕೋಲು, ತೊಲೆಗೆ ನೇತುಹಾಕಿದ ಎತ್ತಿನ ಗಂಟೆಗಳು. ಕೆಳಗೆ ಕೂತಿದ್ದವನು ನಲವತ್ತರ ಆಸುಪಾಸಿನವನು, ಮುಖದಲ್ಲಿ ಸಿಡುಬಿನ ಕಲೆ, ಒಂದು ಹುಬ್ಬಿನಲ್ಲಿ ಮಾತ್ರ ನರೆ. ಗಿರಾಕಿಗೆ ಗಂಟೆಯೊಂದನ್ನು ಕೊಡುವ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮನಸ್ಸಿಗೆ ಬರದೆ, ಬೇರೆಯದನ್ನು ತೆಗೆದುಕೊಟ್ಟ. ಗಿರಾಕಿ ಹೋದ ಮೇಲೆ, ತಲೆ ಎತ್ತದೆ, "ಏನು ಬೇಕವ್ವಾ? ಮೂಗುದಾರಾನೋ, ದನ ಕಟ್ಟೋ ಕಣ್ಣೀನೋ?" ಎಂದ.

"ನಾನು ಕಂಪ್ಲಿ ಸಂಗಮ್ಮ."

ಅವನು ಎದ್ದ ರಭಸಕ್ಕೆ ತಲೆ ಗಂಟೆಗಳಿಗೆ ಬಡಿದು ಎಲ್ಲವೂ ಒಟ್ಟಿಗೆ ಮೊಳಗಿದವು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅವನು ಎರಡೂ ಕೈಯಿಂದ ಗಂಟೆಗಳನ್ನು ಹಿಡಿದು ಸುಮ್ಮನಾಗಿಸಲು ನೋಡಿದ. ಸಂಗಮ್ಮ ಕಾದಳು. ಹಗಲಿನ ಬೆಳಕಿನಲ್ಲಿ ಗಂಡಸೊಬ್ಬನ ಮುಖವನ್ನು ತನಗೆ ಬೇಕಾದಷ್ಟು ಹೊತ್ತು ನೋಡಿದ್ದು ಅವಳಿಗೆ ನೆನಪಿರಲಿಲ್ಲ. ನೋಡಿದಳು.

"ನಮ್ಮವ್ವನ ಕಂಡ್ರ್ಯಾ?" ಎಂದ ಕೊನೆಗೆ.

"ಕಂಡು ಬಂದೆ. ಅವರು ಒಲ್ಲೆ ಅಂದ್ರು. ಬಾಯಿಂದ ಅನ್ನಲಿಲ್ಲ."

"ನಾ ಬರ್ತೀನಂದೆ ಮನಿಗೆ. ಬ್ಯಾಡ ಅಂದ್ಲು."

"ಬ್ಯಾಡ ಅಂದ್ರ ಸುಮ್ನ ಕುಂತ್ರ್ಯಾ?"

"ಕುಂತೆ," ಎಂದ ಅವನು.

ತಪ್ಪನ್ನು ಸಂತೆಯ ಮೇಲೆ ಹಾಕಬಹುದಿತ್ತು, ತಾಯಿಯ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ. ಆ ಒಂದು ಮಾತಿನಲ್ಲಿ ಅವಳು ಇವತ್ತು ಬೆಳಿಗ್ಗೆ ಬಸ್ಸು ಹತ್ತಿದ ತನ್ನನ್ನೇ ಕಂಡಳು, ಸಿಟ್ಟು ಬರಲಿಲ್ಲ. ಅವನು ಮಣೆಯೊಂದನ್ನು ಒರೆಸಿ ಅಂಗಡಿಯ ಅಂಚಿಗೆ ಇಟ್ಟ. ಅವಳು ಕೂತಳು. ಅವನು, ಯಾರೂ ಕೇಳದಿದ್ದರೂ, ಹಗ್ಗದ ಸುರುಳಿಯೊಂದರ ಎಳೆ ಬಿಡಿಸುತ್ತ ಹೇಳಿದ: "ಮನ್ಯಾಗ ಮಾತಿಲ್ರಿ. ಅವ್ವ ಅಪ್ಪಣೆ ಕೊಡ್ತಾಳ, ಮಾತಾಡಂಗಿಲ್ಲ. ಇಲ್ಲಿ ಗಿರಾಕಿ ಬರ್ತಾರ, ಅವರ ಎತ್ತಿನ ಸುದ್ದಿ ಹೇಳ್ತಾರ. ನನಗೂ ಒಂದು ಸುದ್ದಿ ಇರತೈತಿ ಅಂತ ಯಾರಿಗೂ ಹೊಳಿಯಂಗಿಲ್ಲ."

"ಸಾರಿಗೆ ಉಪ್ಪು ಜಾಸ್ತಿ ಆದ್ರ ಹೇಳ್ತೀರೇನು?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆದರೂ ಯೋಚಿಸಿ ಉತ್ತರಿಸಿದ: "ಹೇಳ್ತೀನಿ. ಉಂಡ ಮ್ಯಾಲೆ ಹೇಳ್ತೀನಿ."

ಸಂಗಮ್ಮ ಬೀದಿಯ ಕಡೆ ನೋಡಿದಳು. ನಗು ತಡೆಯಬೇಕಾಗಿತ್ತು. ಮಾತು ಮುಗಿದಿರಲಿಲ್ಲ, ಇನ್ನು ಹೇಳಬೇಕಾದ್ದು ಕಠಿಣವಾದದ್ದು. ಇಲ್ಲಿ ಹೇಳದಿದ್ದರೆ ಆ ಕುಂಬಳಕಾಯಿಗಳ ಕೋಣೆಯಲ್ಲಿ ಜೀವಮಾನವಿಡೀ ಹೇಳಲಾಗುವುದಿಲ್ಲ.

"ನಾ ಹಿತ್ತಲ ಬಾಗಲಾಗ ಬರಂಗಿಲ್ಲ," ಎಂದಳು. "ಕತ್ತಲ ಕ್ವಾಣ್ಯಾಗ ತಾಳಿ ಕಟ್ಟಿಸ್ಕೊಳ್ಳಂಗಿಲ್ಲ. ನಾ ಏನೂ ಕಳವು ಮಾಡಿಲ್ಲ. ಹಗಲೊತ್ತು, ತಲಬಾಗಲಾಗ ಬರ್ತೀನಿ. ಆಗೋದಾದ್ರ ಹೇಳ್ರಿ. ಇಲ್ಲಾಂದ್ರ ಸಂಜಿ ಬಸ್ಸಿಗೆ ಹೊಂಟೆ, ನಿಮ್ಮ ಮ್ಯಾಲೆ ಸಿಟ್ಟಿಲ್ಲ."

ಎರ್ರಿಯಪ್ಪ ಬಾಯಿ ತೆರೆಯುವಷ್ಟರಲ್ಲಿ ಒಬ್ಬ ರೈತ ಬಂದು ಬಾವಿಯ ಹಗ್ಗ ಕೇಳಿದ. ಎರ್ರಿಯಪ್ಪ ಹಗ್ಗವನ್ನು ಮಾರುಗೈಯಲ್ಲಿ ಅಳೆದ, ಅಳತೆ ತಪ್ಪಿತು, ಮತ್ತೆ ಮೊದಲಿನಿಂದ ಅಳೆದ. ರೈತ ಚೌಕಾಸಿ ಮಾಡಿದ. ಇವನು ಒಪ್ಪಿದ. ರೈತ ಅಷ್ಟು ಬೇಗ ಒಪ್ಪಿದ್ದಕ್ಕೆ ಅನುಮಾನಪಟ್ಟು ಹಗ್ಗವನ್ನು ಎಳೆದೆಳೆದು ನೋಡಿ ತೆಗೆದುಕೊಂಡು ಹೋದ. ಅಷ್ಟೂ ಹೊತ್ತು ಸಂಗಮ್ಮ ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಈ ಮನುಷ್ಯ ಆಗುವುದಿಲ್ಲ ಎಂದರೂ ತಾನು ಮುರಿದುಹೋಗುವುದಿಲ್ಲ ಎಂಬುದು, ಅವನ ಕೈ ಅಳೆಯುವುದನ್ನು ನೋಡುತ್ತಿರುವಾಗಲೇ, ಸಣ್ಣಗೆ ತಿಳಿಯಿತು. ಬೇಕು ಎನ್ನುವುದು ಇತ್ತು. ಆದರೆ ಬೇಡಿಕೊಳ್ಳುವುದು ಇರಲಿಲ್ಲ.

"ಹಗಲೊತ್ತು ಅಂದ್ರ," ಎಂದ ಎರ್ರಿಯಪ್ಪ, "ಯಾವ ಹೊತ್ತಿಗೆ?"

ಅವಳಿಗೆ ಮೊದಲು ಹೊಳೆಯಲಿಲ್ಲ. ಹೊಳೆದದ್ದೇ, "ಜನ ನೋಡೋ ಹೊತ್ತಿಗೆ," ಎಂದಳು.

"ಜನ ಇರೋದು ಸಂತಿ ದಿನ. ಸಂತಿ ದಿನ ಅಂದ್ರ ಅಂಗಡಿ ಮುಚ್ಚಬೇಕಾಕೈತಿ."

"ಮುಚ್ಚ್ರಿ."

ಅವನು ಅವಳನ್ನು ನೋಡಿದ. ಆಮೇಲೆ ಎದ್ದು, ಈ ಸಲ ಗಂಟೆಗಳಿಗೆ ತಲೆ ತಾಗದಂತೆ ಬಗ್ಗಿ, ಹಲಗೆಗಳನ್ನು ಒಂದೊಂದಾಗಿ ತಂದು ಬಾಗಿಲಿಗೆ ಕೂರಿಸತೊಡಗಿದ. ಮದುವೆಯ ದಿನ ಮುಚ್ಚಿ ಎಂದು ಅವಳು ಹೇಳಿದ್ದು. ಅವನು ಈಗಲೇ ಮುಚ್ಚುತ್ತಿದ್ದ. ಎದುರಿನ ಬೆಲ್ಲದ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ಕೂಗಿದ: "ಯಾಕಪಾ ಎರ್ರಿಯಪ್ಪ! ಸಂತಿ ಇನ್ನಾ ನೆರದಿಲ್ಲ, ಹಲಿಗಿ ಹಾಕ್ತಿ?"

"ಕಂಪ್ಲಿಯಿಂದ ಬಂದಾರ."

"ಯಾತಕ್ಕ?"

ಎರ್ರಿಯಪ್ಪ ಹಲಗೆ ಹಿಡಿದು ನಿಂತ. ಕತ್ತಿನಿಂದ ಕೆಂಪು ಏರಿತು. ಸಂಗಮ್ಮ ಅವನಿಗೆ ನೆರವಾಗಲಿಲ್ಲ. ಬೆಲ್ಲದವನು ಕಾಯುತ್ತಿದ್ದ, ಅವನ ಗಿರಾಕಿಗಳೂ ಕಾಯುತ್ತಿದ್ದರು, ಹುಣಸೆ ಮರದ ಕೆಳಗೆ ಕೊಟ್ರಬಸಪ್ಪನೂ ಕಿವಿಗೊಟ್ಟು ನಿಂತಿದ್ದ.

"ಗಂಡು ನೋಡಾಕ!" ಎಂದ ಎರ್ರಿಯಪ್ಪ, ಬೇಕಾದ್ದಕ್ಕಿಂತ ಜೋರಾಗಿ.

ಬೀದಿ ನಕ್ಕಿತು. ಅದು ಕೆಟ್ಟ ನಗುವಾಗಿರಲಿಲ್ಲ. ಆಗಿದ್ದರೂ ಅವಳು ಅದನ್ನು ದಾಟಿಕೊಂಡು ನಡೆಯುತ್ತಿದ್ದಳು. ಮೂವರೂ ಚಿತ್ತವಾಡ್ಗಿಯ ಕಡೆ ಹೊರಟರು. ದಾರಿಯಲ್ಲಿ ಕೊಟ್ರಬಸಪ್ಪ ಎರ್ರಿಯಪ್ಪನ ಜೊತೆ ಹಗ್ಗದ ನಾರಿನ ಬಗ್ಗೆ ಮಾತು ತೆಗೆದ. ಇಬ್ಬರಿಗೂ ಮಾತಾಡುವುದಕ್ಕೆ ಅದೊಂದೇ ಸಿಕ್ಕಿತು, ಅದನ್ನೇ ಬಿಡದೆ ಮಾತಾಡಿದರು. ಮನೆ ಹತ್ತಿರವಾದಂತೆ ಎರ್ರಿಯಪ್ಪನ ಹೆಜ್ಜೆ ನಿಧಾನವಾಯಿತು. ಸಂಗಮ್ಮ ತನ್ನದನ್ನೂ ನಿಧಾನ ಮಾಡಿದಳು, ಆದರೆ ನಿಲ್ಲಿಸಲಿಲ್ಲ.

ಸುಂಕಮ್ಮ ಬಾಗಿಲಲ್ಲೇ ಇದ್ದಳು. ಮಗನನ್ನು ನೋಡಿದಳು, ಅವನ ಹಿಂದಿನವರನ್ನು ನೋಡಿದಳು. "ಸಂತಿ ಬಿಟ್ಟು ಬಂದ್ಯಾ?" ಎಂದಳು.

"ಬಂದೆ," ಎಂದ ಎರ್ರಿಯಪ್ಪ. ಅವನ ಪರವಾಗಿ ಮಾತಾಡಬಹುದಿತ್ತು, ಸಂಗಮ್ಮ ಮಾತಾಡಲಿಲ್ಲ. ಅದು ಅವನೇ ಆಡಬೇಕಾದ ಮಾತು. ಓಣಿಯಲ್ಲಿ ಯಾರದೋ ಮನೆಯ ಒನಕೆ ಎದ್ದು ಬಿದ್ದು ಎದ್ದು ಬಿತ್ತು. "ಅವ್ವಾ," ಎಂದ ಅವನು, "ಇವರು ತಲಬಾಗಲಾಗ ಬರ್ತಾರ. ಆವತ್ತೂ ಹಂಗಾ ಬರ್ತಾರ. ಹಗಲೊತ್ತು."

ಮುದುಕಿ ಮಗನ ಮುಖದಲ್ಲಿ ಏನನ್ನು ಹುಡುಕುತ್ತಿದ್ದಳೋ, ಅದು ಸಿಕ್ಕಿತೋ ಇಲ್ಲವೋ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬಾಗಿಲ ಚೌಕಟ್ಟಿನ ಮೇಲಿದ್ದ ಕೈ ತೆಗೆದು, ಒಳಕ್ಕೆ ತಿರುಗುತ್ತ, "ಬಿಸಿಲಾಗ ಯಾಕ ನಿಂತೀರಿ, ಬರ್ರಿ," ಎಂದು ಗೊಣಗಿದಳು.

ಆ ಬರ್ರಿ ಭಾವನೊಬ್ಬನಿಗೆ ಮರ್ಯಾದೆಗೆ ಹೇಳಿದ್ದೋ, ತನ್ನನ್ನೂ ಸೇರಿಸಿ ಹೇಳಿದ್ದೋ ಸಂಗಮ್ಮನಿಗೆ ತಿಳಿಯಲಿಲ್ಲ. ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಅವಳು ತಿಳಿದುಕೊಳ್ಳುವ ಗೋಜಿಗೆ ಹೋಗದೆ ಬಲಗಾಲನ್ನು ಎತ್ತಿ ಹೊಸ್ತಿಲು ದಾಟಿದಳು.